ದಾಖಲೆ ಇತ್ತು, ಮೀನಿಗೆ ಹೆಸರಿರಲಿಲ್ಲ

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿ ಕಣಿವೆಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ ಮೀನು 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕಿಲೋ. ಹುಲಿ ಚಿರತೆಗಳ ಚರ್ಮಕ್ಕೆ ಹದ ಹಾಕಿ ಜೀವಕಳೆ ತರಿಸುತ್ತಿದ್ದ ಮನೆತನಕ್ಕೆ ಮೀನಿನ ಹುಚ್ಚೂ ಇತ್ತು. ಗೂನುಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ಅಂಗೈಯಗಲದ ಹುರುಪೆ. ಇದನ್ನು ಹಿಡಿಯಲೆಂದೇ ಹಡಗು ಹತ್ತಿ ಬರುತ್ತಿದ್ದವರಿದ್ದರು. ಹೊಳೆಬದಿಯ ಜನ ಮಹಶೀರನ್ನು ಬಿಳಿಮೀನು ಎಂದು ಕರೆದುಕೊಂಡು ಬಂದಿದ್ದಾರೆ.

ಇಷ್ಟು ಹೆಸರುವಾಸಿಯಾದ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ ಜೀವಿಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಸಾಮಾನ್ಯವಾಗಿ ಪುಟ ತೆರೆಯುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅಪಾಯದಲ್ಲಿದೆ ಎಂದು ಕಾಗದದ ಮೇಲೆ ಹೇಳುವುದಕ್ಕೂ ಬರುವುದಿಲ್ಲ. 2018ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರ ತಂಡವೊಂದು ಮೋಯಾರ್ ನದಿಯ ಮೀನುಗಳ ದೇಹಲಕ್ಷಣ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿತು. 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ಟಾರ್ ರೆಮಾದೇವಿಯೈ ಎಂಬ ಹೆಸರಿನಲ್ಲಿ ವರ್ಣಿತವಾಗಿದ್ದ ಮೀನೂ ಕಾವೇರಿಯ ಗೂನುಬೆನ್ನಿನ ಮಹಶೀರೂ ಒಂದೇ ಎಂದು ಗೊತ್ತಾಯಿತು. ಪಾಂಬಾರ್ ಕೂಡ ಕಾವೇರಿಗೆ ಸೇರುವ ಅಮರಾವತಿಯ ಉಪನದಿಯೇ. ಹೆಸರು ಖಚಿತವಾದ ವರ್ಷದಲ್ಲೇ ಮೀನು ಕೆಂಪುಪಟ್ಟಿಗೆ ಸೇರಿತು, ಅದೂ ನೇರವಾಗಿ ತುತ್ತತುದಿಯ ವರ್ಗಕ್ಕೆ: ತೀವ್ರ ಅಳಿವಿನಂಚಿನಲ್ಲಿರುವ ಪ್ರಭೇದ.

ಹಾಗಾದರೆ ಮಾಹಿತಿ ಇರಲಿಲ್ಲವೇ? ಧಾರಾಳವಾಗಿತ್ತು. ಕಾವೇರಿ ವನ್ಯಧಾಮದ ಗಾಳಿಬೋರೆಯ ಮೀನು ಶಿಬಿರದಲ್ಲಿ ಹಿಡಿದು ಬಿಡುವ ಪದ್ಧತಿಯಿತ್ತು. ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಬಿತ್ತು, ಎಷ್ಟು ತೂಗಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಕೂಡಿಸಿ ನೋಡಿದಾಗ 23,000 ಗಂಟೆಗೂ ಮೀರಿದ ಗಾಳದ ಹೊತ್ತು, 6,000ಕ್ಕೂ ಹೆಚ್ಚು ಮಹಶೀರ್‌ಗಳು ಸಿಕ್ಕವು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ, ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಬಂದಿತ್ತು. ನೀಲಿ ರೆಕ್ಕೆಯದು ಕಾವೇರಿಯ ಮೂಲನಿವಾಸಿಯಲ್ಲ. ಲೋಣಾವಳದಲ್ಲಿ ಮರಿ ಮಾಡಿಸಿ, ಸಂರಕ್ಷಣೆಯ ಸದುದ್ದೇಶದಿಂದಲೇ ದಕ್ಷಿಣದ ನದಿಗಳಿಗೆ ತಂದು ಬಿಟ್ಟದ್ದು. ಮಹಶೀರ್ ಎಂಬ ಒಂದೇ ತಲೆಬರಹದಡಿ ಲೆಕ್ಕ ಹಾಕಿದರೆ ನದಿಯಲ್ಲಿ ಮೀನು ಹೆಚ್ಚಿದೆ, ಯೋಜನೆ ಫಲ ಕೊಟ್ಟಿದೆ. ಬೇರೆಬೇರೆಯಾಗಿ ನೋಡಿದರೆ ಒಂದು ಇನ್ನೊಂದರ ಜಾಗ ನುಂಗುತ್ತಿದೆ.

ಶಿಬಿರದ ಪುಸ್ತಕ ಒಂದೆಡೆ, ಮರಿ ಬಿಟ್ಟ ಲೆಕ್ಕ ಇನ್ನೊಂದೆಡೆ, ಕೇರಳದ ಮೀನಿನ ವರ್ಣನೆ ಮತ್ತೊಂದು ಪತ್ರಿಕೆಯಲ್ಲಿ, ಹಳೆಯ ದೊರೆಗಳ ಬೇಟೆ ಬರಹಗಳು ಗ್ರಂಥಾಲಯದಲ್ಲಿ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಜೀವವೈವಿಧ್ಯದ ವಿಷಯದಲ್ಲಿ ‘ಇನ್ನಷ್ಟು ಸಮೀಕ್ಷೆ ಬೇಕು’ ಎನ್ನುವುದು ನಮ್ಮ ಬಾಯಿಪಾಠ. ಬೇಕು, ನಿಜ. ಆದರೆ ಇರುವ ದಾಖಲೆಗಳಿಗೇ ಪರಸ್ಪರ ಕೊಂಡಿ ಹಾಕಿದ್ದರೆ ಈ ಮೀನಿನ ಸುದ್ದಿ ಎಷ್ಟೋ ಮೊದಲೇ ಹೊರಬೀಳುತ್ತಿತ್ತು ಎಂಬುದು ನನ್ನ ವಾದ. ಆ ಕೊಂಡಿ ಹಾಕುವ ವಿಧಾನಕ್ಕೆ ಲಿಂಕ್ಡ್ ಡೇಟಾ ಎಂಬ ಹೆಸರಿದೆ.

ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್ ಲೀ 2006ರಲ್ಲಿ ಇದರ ನಿಯಮಗಳನ್ನು ಅರ್ಧ ಪುಟದಲ್ಲಿ ಹೇಳಬಹುದಾದಷ್ಟು ಸರಳವಾಗಿ ಬರೆದರು. ಪ್ರತಿಯೊಂದು ವಸ್ತುವಿಗೂ ಬದಲಾಗದ ಒಂದು ವಿಳಾಸ ಕೊಡಿ. ಆ ವಿಳಾಸ ವೆಬ್ಬಿನಲ್ಲಿ ತೆರೆಯುವಂತಿರಲಿ. ತೆರೆದಾಗ ಉಪಯುಕ್ತ ಮಾಹಿತಿ ಸಿಗಲಿ. ಆ ಮಾಹಿತಿಯೊಳಗೆ ಬೇರೆ ವಸ್ತುಗಳ ವಿಳಾಸಗಳೂ ಇರಲಿ. ಇಲ್ಲಿ ವಸ್ತು ಎಂದರೆ ಏನೂ ಆಗಬಹುದು: ಒಂದು ಪ್ರಭೇದ, ಮ್ಯೂಸಿಯಮ್ಮಿನ ಸೀಸೆಯಲ್ಲಿರುವ ಒಂದು ಮೀನು, ಅದನ್ನು ಹಿಡಿದ ವ್ಯಕ್ತಿ, ನದಿಯ ಒಂದು ಮಡು, ಒಂದು ಸಂಶೋಧನಾ ಪ್ರಬಂಧ. ಮಾಹಿತಿಯನ್ನು ಪುಟ್ಟಪುಟ್ಟ ವಾಕ್ಯಗಳಾಗಿ ಒಡೆದು ಬರೆಯಲಾಗುತ್ತದೆ. ಈ ಮಾದರಿ ಸಿಕ್ಕಿದ್ದು ಮೋಯಾರ್‌ನಲ್ಲಿ; ಮೋಯಾರ್ ಸೇರುವುದು ಭವಾನಿಗೆ; ಭವಾನಿ ಸೇರುವುದು ಕಾವೇರಿಗೆ; ಈ ಮಾದರಿಯ ಪ್ರಭೇದ ಇಂಥದು; ಆ ಪ್ರಭೇದದ ಸ್ಥಿತಿ ಇಂಥದು. ಒಂದೊಂದು ವಾಕ್ಯವನ್ನೂ ಬೇರೆಬೇರೆ ಸಂಸ್ಥೆ ಬರೆದಿರಬಹುದು, ಬೇರೆಬೇರೆ ದೇಶದ ಕಂಪ್ಯೂಟರಿನಲ್ಲಿ ಇಟ್ಟಿರಬಹುದು. ವಿಳಾಸಗಳು ತಾಳೆಯಾದರೆ ಸಾಕು, ‘ಕಾವೇರಿ ಕಣಿವೆಯಲ್ಲಿ ತೀವ್ರ ಅಳಿವಿನಂಚಿನ ಮೀನುಗಳು ಕೊನೆಯ ಸಲ ಎಲ್ಲೆಲ್ಲಿ ಸಿಕ್ಕವು’ ಎಂಬ ಪ್ರಶ್ನೆಗೆ ಯಂತ್ರವೇ ಉತ್ತರ ಹೆಕ್ಕಿ ಕೊಡುತ್ತದೆ.

ಇದರಲ್ಲಿ ಕೆಲವು ಭಾಗ ಈಗಾಗಲೇ ನಡೆಯುತ್ತಿದೆ. 2001ರಲ್ಲಿ ಶುರುವಾದ, ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಿಬಿಫ್ ಎಂಬ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲದಲ್ಲಿ 300 ಕೋಟಿಗೂ ಹೆಚ್ಚು ದಾಖಲೆಗಳಿವೆ. ‘ಇಂಥ ಜೀವಿ, ಇಂಥ ದಿನ, ಇಂಥ ಜಾಗದಲ್ಲಿ’ ಎಂಬುದು ಒಂದೊಂದರ ತಿರುಳು. ಬರೆಯುವ ಶಿಸ್ತಿಗೆ ಡಾರ್ವಿನ್ ಕೋರ್ ಎಂಬ ಮಾನದಂಡ 2009ರಿಂದ ಇದೆ. ಈ ಶಿಸ್ತಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಕಾಲಮ್ಮು: ನೀವು ಕೊಟ್ಟ ಅಕ್ಷಾಂಶ ರೇಖಾಂಶ ಎಷ್ಟು ಮೀಟರ್ ಆಚೀಚೆ ಇರಬಹುದು? ಸರ್ಕಾರಿ ವರದಿಗಳಲ್ಲಿ ಇಂಥ ಪ್ರಾಮಾಣಿಕ ಪ್ರಶ್ನೆ ಕಂಡ ನೆನಪಿಲ್ಲ. ಇನ್ನು ವಿಕಿಪೀಡಿಯ ಬಳಗದ ಮುಕ್ತ ದತ್ತಾಂಶ ಕೋಶವಾದ ವಿಕಿಡೇಟಾ 2012ರಿಂದ ಇಂಥ ಜಾಲಗಳ ನಡುವೆ ದುಭಾಷಿಯ ಕೆಲಸ ಮಾಡುತ್ತಿದೆ. ಅಲ್ಲಿ ಹುಲಿಯ ಗುರುತು ಕ್ಯೂ19939. ಜಿಬಿಫ್‌ನಲ್ಲಿ ಅದೇ ಹುಲಿ 5219416. ಒಂದು ಪುಟದಲ್ಲಿ ಎರಡೂ ಇರುವುದರಿಂದ, ಕನ್ನಡದಲ್ಲಿ ‘ಹುಲಿ’ ಎಂದು ಹುಡುಕಿದವನೂ ಲ್ಯಾಟಿನ್ ಹೆಸರು ಗೊತ್ತಿಲ್ಲದೆಯೇ ಆ ರಾಶಿಯೊಳಕ್ಕೆ ಹೋಗಬಹುದು.

ಹೆಸರೇ ಇದ್ದಮೇಲೆ ಈ ಅಂಕಿಗಳ ಗೋಜು ಏಕೆ ಎಂದರೆ, ಹೆಸರುಗಳು ನಿಲ್ಲುವುದಿಲ್ಲ. ಜಮೀನಿನ ಪಹಣಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಹಳ್ಳದ ಮೇಲಿನ ಹೊಲ’ ಎಂದರೆ ಊರಿನಲ್ಲಿ ನಾಲ್ಕು ಹೊಲ ಇರುತ್ತವೆ. ಸರ್ವೆ ನಂಬರ್ ಒಂದೇ ಇರುತ್ತದೆ. ಅಣ್ಣತಮ್ಮಂದಿರು ಭಾಗವಾದಾಗ ಪೋಡಿಯಾಗಿ ಹಿಸ್ಸಾ ನಂಬರ್ ಬೀಳುತ್ತದೆ, ಯಾವುದರಿಂದ ಯಾವುದು ಒಡೆಯಿತು ಎಂಬುದು ಮ್ಯುಟೇಶನ್ನಿನಲ್ಲಿ ಉಳಿಯುತ್ತದೆ. ಪ್ರಭೇದಗಳೂ ಹೀಗೇ ಭಾಗವಾಗುತ್ತಿರುತ್ತವೆ. ಪಶ್ಚಿಮ ಘಟ್ಟದ ಹೊಳೆಬದಿಯ ಒಂದು ಕಪ್ಪೆಯನ್ನು ಬಹುಕಾಲ ಟೆಂಪೊರಾಲಿಸ್ ಎಂಬ ಹೆಸರಿನಲ್ಲೇ ಬರೆದರು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಘಟ್ಟ ಹಾಗೂ ಶ್ರೀಲಂಕಾದ ಕಪ್ಪೆಗಳನ್ನು ಮತ್ತೆ ಪರಿಶೀಲಿಸಿ, ಈ ಗುಂಪಿನಲ್ಲಿ ಏಳು ಹೊಸ ಪ್ರಭೇದಗಳನ್ನು ವರ್ಣಿಸಿದರು. ಟೆಂಪೊರಾಲಿಸ್ ಹೆಸರು ಶ್ರೀಲಂಕಾದ ಕಪ್ಪೆಗೆ ಮಾತ್ರ ಉಳಿಯಿತು. ಅಂದರೆ 2014ಕ್ಕೆ ಮುಂಚೆ ಘಟ್ಟದ ಸಮೀಕ್ಷೆಗಳಲ್ಲಿ ಆ ಹೆಸರಿನಡಿ ಬರೆದದ್ದೆಲ್ಲ ಈಗ ಬೇರೆ ಯಾವುದೋ ಕಪ್ಪೆಯ ಲೆಕ್ಕ. ಯಾವುದರದು? ಫೋಟೊ, ಮಾದರಿ ಅಥವಾ ಡಿಎನ್‌ಎ ಕಡೆಗೆ ಕೊಂಡಿ ಇದ್ದರೆ ಹೇಳಬಹುದು. ಬರೀ ಹೆಸರಿದ್ದರೆ ಆ ಸಾಲು ದಂಡ.

ಮಹಶೀರ್‌ನ ಕತೆ ಇದಕ್ಕಿಂತ ಜಟಿಲ, ಹಾಗಾಗಿಯೇ ಹೆಚ್ಚು ಪಾಠ ಕಲಿಸುತ್ತದೆ. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆ ಸೀಮೆಯ ಒಂದು ಮೀನನ್ನು ಮುಸ್ಸುಲ್ಲಾ ಎಂಬ ಪ್ರಭೇದನಾಮ ಕೊಟ್ಟು ವರ್ಣಿಸಿದ. ಮುಂದೆ ಅದೇ ಹೆಸರನ್ನು ಕಾವೇರಿಯ ಗೂನುಬೆನ್ನಿನ ಮಹಶೀರಿಗೆ ಅಂಟಿಸಿ ಟಾರ್ ಮುಸ್ಸುಲ್ಲಾ ಎಂದರು. 2010ರ ದಶಕದಲ್ಲಿ ಮೀನುತಜ್ಞರು ಮೂಲ ವರ್ಣನೆಯನ್ನು ಕೆದಕಿದಾಗ, ಸೈಕ್ಸ್ ನೋಡಿದ್ದು ಮಹಶೀರೇ ಅಲ್ಲ, ಹಿಪ್ಸೆಲೊಬಾರ್ಬಸ್ ಎಂಬ ಬೇರೆ ಕುಲದ ಮೀನು ಎಂಬ ತೀರ್ಮಾನಕ್ಕೆ ಬಂದರು. ಈಗ ‘ಹಳೆಯ ಹೆಸರು ಇದು, ಹೊಸ ಹೆಸರು ಅದು’ ಎಂಬ ಪಟ್ಟಿ ಹಿಡಿದು ಕಂಪ್ಯೂಟರಿನಿಂದ ಕೊಂಡಿ ಹಾಕಿಸಿದರೆ ಏನಾಗುತ್ತದೆ ನೋಡಿ. ಕಾವೇರಿಯ ಟಾರ್ ಮುಸ್ಸುಲ್ಲಾ ದಾಖಲೆಗಳೆಲ್ಲ ಒಂದೇ ಏಟಿಗೆ ಹಿಪ್ಸೆಲೊಬಾರ್ಬಸ್ ಖಾತೆಗೆ ಜಮಾ. ಗೂನುಬೆನ್ನಿನ ಮೀನು ದತ್ತಾಂಶದಲ್ಲಿ ಎರಡನೇ ಸಲ ಕಾಣೆ.

ಆದ್ದರಿಂದ ಕೊಂಡಿ ಹಾಕಬೇಕಾದದ್ದು ಹೆಸರಿನಿಂದ ಹೆಸರಿಗಲ್ಲ. ಯಾರು, ಯಾವ ಪುಸ್ತಕದಲ್ಲಿ, ಯಾವ ನದಿಯ ಮೀನಿಗೆ ಆ ಹೆಸರು ಬಳಸಿದರು ಎಂಬುದನ್ನೂ ಜೊತೆಗೆ ಇಡಬೇಕು. ಲಿಂಕ್ಡ್ ಡೇಟಾದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇದನ್ನು ಹಾರಿಸಿಬಿಡುತ್ತಾರೆ. ಬಿಡಿ ಕಡತದಲ್ಲಿರುವ ತಪ್ಪು ಅಲ್ಲೇ ಬಿದ್ದಿರುತ್ತದೆ. ಕೊಂಡಿ ಬಿದ್ದ ತಪ್ಪು ಹತ್ತು ಜಾಲಕ್ಕೆ ಹರಡಿ, ಹತ್ತೂ ಒಂದನ್ನೊಂದು ಸಾಕ್ಷಿಗೆ ಕರೆಯುತ್ತವೆ.

ಊರಿನ ಹೆಸರುಗಳದ್ದೂ ಇದೇ ಪಾಡು. ಹಳೆಯ ಮಾದರಿಗಳ ಚೀಟಿಯಲ್ಲಿ ‘ಮೈಸೂರ್’ ಎಂದಷ್ಟೇ ಇದ್ದರೆ ಅದು ಊರೋ, ಸಂಸ್ಥಾನವೋ, 1973ಕ್ಕೆ ಮುಂಚಿನ ರಾಜ್ಯವೋ? ಅರಿಯದ ತಂತ್ರಾಂಶ ಅದನ್ನು ಒಯ್ದು ಮೈಸೂರು ನಗರದ ನಡುಮಧ್ಯೆ ಚುಕ್ಕಿ ಇಡುತ್ತದೆ. ಮಲೆನಾಡಿನ ಗಿಡವೊಂದು ಕೆ.ಆರ್. ಸರ್ಕಲ್ಲಿನಲ್ಲಿ ಬೆಳೆದಂತೆ ನಕ್ಷೆ ತೋರಿಸುತ್ತದೆ. ಇದನ್ನು ತಿದ್ದಲು ಸಂಗ್ರಹಕಾರನ ಜಾಡು ಹಿಡಿಯಬೇಕು. ಆ ವಾರ ಆತ ಎಲ್ಲಿದ್ದ, ಹಿಂದಿನ ಮುಂದಿನ ಸಂಖ್ಯೆಯ ಮಾದರಿಗಳು ಎಲ್ಲಿಯವು ಎಂದು ನೋಡಬೇಕು. ಸೆಸಿಲ್ ಸಲ್ಡಾನಾ ಅವರ ಹಾಸನ ಜಿಲ್ಲೆಯ ಸಸ್ಯ ಸಮೀಕ್ಷೆ 1976ರಲ್ಲಿ ಪುಸ್ತಕವಾಯಿತು. ಅದರ ಒಣಗಿಸಿದ ಮಾದರಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಾಗಾರದಲ್ಲೂ ಇವೆ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲೂ ಇವೆ. ಒಂದೇ ಗಿಡದಿಂದ ಒಂದೇ ದಿನ ಕಿತ್ತ ಎರಡು ಟೊಂಗೆ ಎರಡು ಖಂಡಗಳಲ್ಲಿದ್ದಾಗ, ಅಲ್ಲಿಯ ತಜ್ಞರು ಗುರುತು ತಿದ್ದಿದರೆ ಇಲ್ಲಿಯ ಹಾಳೆಗೆ ಸುದ್ದಿ ಮುಟ್ಟಬೇಕಲ್ಲ? ಸಂಗ್ರಹಕಾರನ ಹೆಸರು, ಸಂಖ್ಯೆ, ದಿನಾಂಕ ಹೋಲಿಸಿ ಜೋಡಿ ಹುಡುಕುವ ಕೆಲಸವನ್ನು ಜಿಬಿಫ್ ಈಗ ಯಂತ್ರದಿಂದ ಮಾಡಿಸುತ್ತಿದೆ. ಸಂಗ್ರಹಕಾರರಿಗೆ ಅವರವರ ಮಾದರಿಗಳನ್ನು ಜೋಡಿಸಿಕೊಡುವ ಬಯೋನೋಮಿಯಾ ಎಂಬ ಜಾಲತಾಣವೂ ಇದೆ.

ಹಕ್ಕಿಗಳ ವಿಷಯದಲ್ಲಿ ಇಷ್ಟೊಂದು ತಲೆನೋವಿಲ್ಲ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಮೊದಲ ದಿನದಿಂದ ಎಲ್ಲರೂ ಒಂದೇ ಪಟ್ಟಿಯಿಂದ ಹೆಸರು ಆರಿಸುತ್ತಾರೆ. ಪಟ್ಟಿ ವರ್ಷಕ್ಕೊಮ್ಮೆ ಪರಿಷ್ಕರಣೆಯಾದಾಗ ಹಳೆಯ ದಾಖಲೆಗಳೂ ಜೊತೆಗೇ ಬದಲಾಗುತ್ತವೆ. ಅದರ ಬಲದಿಂದಲೇ 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಸುಮಾರು 30,000 ವೀಕ್ಷಕರ 3 ಕೋಟಿ ದಾಖಲೆಗಳನ್ನು ಒಟ್ಟು ಹಾಕಿ 942 ಪ್ರಭೇದಗಳ ಬಗ್ಗೆ ಮಾತಾಡಲು ಸಾಧ್ಯವಾಯಿತು. ಜಿಬಿಫ್‌ನ ದಾಖಲೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳದೇ. ಮೀನು, ಜೇಡ, ಪಾಚಿ, ಅಣಬೆಗಳ ಪಾಲಿಗೆ ಇಷ್ಟು ಅಭಿಮಾನಿಗಳಿಲ್ಲ. ಅವುಗಳಿಗೆ ಹೊಸ ದಾಖಲೆ ಅಪರೂಪ, ಹಳೆಯದನ್ನು ಕಳೆದುಕೊಂಡರೆ ನಷ್ಟ ಹೆಚ್ಚು.

ನಮ್ಮಲ್ಲಿ ಹಾಗೆ ಕಳೆದುಹೋಗುತ್ತಿರುವ ದೊಡ್ಡ ಭಂಡಾರವೆಂದರೆ ಜನತಾ ಜೀವವೈವಿಧ್ಯ ದಾಖಲಾತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಬೆಳೆ, ಮೀನು, ಮದ್ದುಗಳ ತಿಳಿವಳಿಕೆಯ ಪುಸ್ತಕ ಇರಬೇಕು. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಊರೂರು ಸುತ್ತಿ ರೂಪಿಸಿದ ಕಲ್ಪನೆಯಿದು. ವರ್ಷಗಟ್ಟಲೆ ಆಮೆಗತಿಯಲ್ಲಿದ್ದ ಕೆಲಸಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತು. ಆಮೇಲೆ ಪುಸ್ತಕಗಳು ಧಡಧಡನೆ ತಯಾರಾದವು. ದೇಶದಲ್ಲಿ ಈಗ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಗಡುವಿಗೆ ಹೆದರಿ ಬರೆದ ಪುಸ್ತಕಗಳ ಗುಣಮಟ್ಟ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಊರಿನದನ್ನೇ ನಕಲು ಮಾಡಿದ್ದಾರೆಂಬ ದೂರು ಎಲ್ಲ ಕಡೆ ಕೇಳಿಬಂದಿದೆ.

ಆದರೂ ಅವುಗಳ ನಮೂನೆಯಲ್ಲಿ ಒಂದು ಅಂಕಣ ಬಂಗಾರದಂಥದು: ಈ ಜೀವಿ ಊರಿನಲ್ಲಿ ಹಿಂದೆ ಹೇಗಿತ್ತು, ಈಗ ಹೇಗಿದೆ. ಹೊಳೆದಂಡೆಯ ಪಂಚಾಯಿತಿಯಲ್ಲಿ ವಯಸ್ಸಾದ ಬೆಸ್ತರೊಬ್ಬರು ‘ಬಿಳಿಮೀನು: ಹಿಂದೆ ಹೇರಳ, ಈಗ ಇಲ್ಲ’ ಎಂದು ಬರೆಸಿದ್ದರೆ, ಯಾವ ಮ್ಯೂಸಿಯಮ್ಮಿನಲ್ಲೂ ಸಿಗದ ಸಾಕ್ಷಿಯದು. ಈಗ ಅದು ಪಿಡಿಎಫ್‌ನಲ್ಲೋ ಬೀರುವಿನಲ್ಲೋ ಇರುತ್ತದೆ. ಆ ಸಾಲಿಗೊಂದು ಸ್ಥಿರ ವಿಳಾಸ, ಊರಿಗೆ ಗ್ರಾಮದ ಕೋಡ್, ‘ಬಿಳಿಮೀನು’ ಎಂಬ ಹೆಸರಿಗೆ ಆ ಸೀಮೆಯ ಸಂಭಾವ್ಯ ಪ್ರಭೇದಗಳ ಕೊಂಡಿ ಹಾಕಿದರೆ ಸಾಕು, ಗಾಳಿಬೋರೆಯ ಪುಸ್ತಕದ ಪಕ್ಕದಲ್ಲಿ ಅದೂ ಕೂರುತ್ತದೆ. ಒಂದೇ ಪ್ರಭೇದ ಎಂದು ಒತ್ತಾಯ ಮಾಡಬೇಕಿಲ್ಲ. ಎರಡರಲ್ಲಿ ಯಾವುದಾದರೂ ಇರಬಹುದು ಎಂದು ಬರೆಯಲು ಈ ವ್ಯವಸ್ಥೆಯಲ್ಲಿ ಅವಕಾಶವಿದೆ.

ಎಲ್ಲವನ್ನೂ ಬಯಲಿಗೆ ಇಡಬೇಕೇ ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕೊರಳಪಟ್ಟಿಯ ಜಿಪಿಎಸ್ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಗೆ ಯಾರೋ ಕನ್ನ ಹಾಕಲು ನೋಡಿದ್ದರು. ಚೀನಾ-ವಿಯೆಟ್ನಾಂ ಗಡಿಯ ಒಂದು ಹಲ್ಲಿಯನ್ನು 1999ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ವರ್ಣಿಸಿದ್ದೇ ತಡ, ಸಾಕುಪ್ರಾಣಿ ವ್ಯಾಪಾರಿಗಳು ಪ್ರಬಂಧ ಹಿಡಿದೇ ಅದು ಸಿಗುವ ಜಾಗಕ್ಕೆ ಲಗ್ಗೆ ಇಟ್ಟರು. ಒಂದೊಂದಾಗಿ ನಿರಪಾಯ ಎನಿಸುವ ಮಾಹಿತಿ, ಕೊಂಡಿ ಬಿದ್ದಾಗ ಬೇಟೆಗಾರನ ನಕ್ಷೆಯಾಗಬಲ್ಲದು. ಇ-ಬರ್ಡ್ ಕೆಲವು ಸೂಕ್ಷ್ಮ ಪ್ರಭೇದಗಳ ಜಾಗವನ್ನು ಮರೆಮಾಚುತ್ತದೆ. ಬೇರೆಯವರು ಸ್ಥಳವನ್ನು ಹತ್ತಾರು ಕಿಲೋಮೀಟರಿನ ಚೌಕಕ್ಕೆ ಮಸುಕು ಮಾಡಿ ಕೊಡುತ್ತಾರೆ. ಮಸುಕು ಮಾಡಿದ್ದೇವೆ ಎಂಬುದನ್ನು ದಾಖಲೆಯಲ್ಲೇ ಬರೆಯುವುದು ಶಿಸ್ತು. ಇಲ್ಲದಿದ್ದರೆ ಮುಂದಿನ ಸಂಶೋಧಕ ಆ ಚೌಕದ ನಡುಬಿಂದುವನ್ನೇ ನಿಜವೆಂದು ನಂಬುತ್ತಾನೆ.

ಇನ್ನು ಊರಿನವರ ತಿಳಿವಳಿಕೆ. ಮದ್ದಿನ ಬೇರು ಯಾವುದು ಎಂದು ನಾಟಿವೈದ್ಯರು ಹೇಳಿದ್ದನ್ನು ಜಗತ್ತಿನ ಯಾವ ಕಂಪನಿಯ ಯಂತ್ರವಾದರೂ ಓದಿಕೊಳ್ಳುವಂತೆ ಇಟ್ಟರೆ, ಲಾಭದಲ್ಲಿ ಪಾಲು ಕೊಡಿಸಲೆಂದೇ ಹುಟ್ಟಿದ ಕಾಯ್ದೆಯ ಬುಡಕ್ಕೇ ಕೊಡಲಿ. ಈ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಆಯುಷ್ ಕ್ಷೇತ್ರಕ್ಕೆ ಕೊಟ್ಟ ರಿಯಾಯಿತಿಗಳ ಬಗ್ಗೆ ಈಗಾಗಲೇ ತಕರಾರಿದೆ. ದಾಖಲೆ ಇದೆ ಎಂಬುದು ಬಯಲಿನಲ್ಲಿರಲಿ, ಒಳಗಿನ ತಿರುಳು ಸಮಿತಿಯ ಒಪ್ಪಿಗೆಯಿಲ್ಲದೆ ತೆರೆಯದಿರಲಿ. ತಾಂತ್ರಿಕವಾಗಿ ಇದು ಕಷ್ಟವಲ್ಲ. ಕೊಂಡಿ ಇದ್ದಮಾತ್ರಕ್ಕೆ ಬಾಗಿಲು ತೆರೆದಿರಬೇಕೆಂದೇನಿಲ್ಲ. ಸಮಿತಿಗೆ ‘ಬೇಡ’ ಎನ್ನುವ ಅಧಿಕಾರವನ್ನು ನಿಜವಾಗಿ ಕೊಡುತ್ತಾರೆಯೇ ಎಂಬುದು ರಾಜಕೀಯದ ಪ್ರಶ್ನೆ.

ಈ ಕೆಲಸದ ಲಾಭ ಥಟ್ಟನೆ ಕಾಣುವುದು ಪರಿಸರ ಪರಿಣಾಮ ವರದಿಗಳಲ್ಲಿ. ಯೋಜನೆ ಎಲ್ಲಿಯದೇ ಇರಲಿ, ಅದರ ಕೊನೆಯಲ್ಲಿ ಜೀವಿಗಳ ಪಟ್ಟಿಯೊಂದು ಇರುತ್ತದೆ: ವೈಜ್ಞಾನಿಕ ಹೆಸರು, ಇಂಗ್ಲಿಷ್ ಹೆಸರು, ಮುಗಿಯಿತು. ಯಾರು ನೋಡಿದರು, ಯಾವಾಗ, ಎಲ್ಲಿ ಎಂಬುದಿಲ್ಲ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿ ಯೋಜನೆಯೊಂದರ ವರದಿಯಲ್ಲಿ ಸ್ಪ್ರೂಸ್, ಬರ್ಚ್ ಮರಗಳ ಕಾಡಿನ ಮಾತು ಬಂದಿತ್ತು. ರಷ್ಯಾದ ಗಣಿಯ ವರದಿಯಿಂದ ಎತ್ತಿದ್ದು ಅದು. ಕೊಂಕಣದಲ್ಲಿ ಸ್ಪ್ರೂಸ್! ಪ್ರತಿ ಹೆಸರಿಗೂ ಗುರುತಿನ ಸಂಖ್ಯೆ ಇದ್ದಿದ್ದರೆ, ಆ ಮರದ ಕೊಂಕಣದ ದಾಖಲೆ ಒಂದೂ ಇಲ್ಲ ಎಂದು ಕಂಪ್ಯೂಟರೇ ಕೆಂಪು ಗೆರೆ ಎಳೆಯುತ್ತಿತ್ತು. ಮನುಷ್ಯರು ಓದಿ ನಗುವವರೆಗೆ ಕಾಯಬೇಕಿರಲಿಲ್ಲ.

ಕಾವೇರಿಗೇ ಬರೋಣ. 67 ಟಿಎಂಸಿಯ ಮೇಕೆದಾಟು ಜಲಾಶಯಕ್ಕೆ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ. ಅದರಲ್ಲಿ ಬಹುಪಾಲು ಕಾವೇರಿ ವನ್ಯಧಾಮ ಮತ್ತು ಮೀಸಲು ಅರಣ್ಯ. ಬೆಂಗಳೂರಿನ ಕುಡಿಯುವ ನೀರು, ಎರಡು ರಾಜ್ಯಗಳ ಜಗಳ, ಕಾಡು, ಪ್ರತಿಯೊಂದರ ತೂಕವೂ ಇರುವ ವಿವಾದ ಇದು. ಕಟ್ಟಬೇಕೋ ಬೇಡವೋ ಎಂಬುದನ್ನು ದತ್ತಾಂಶ ತೀರ್ಮಾನಿಸುವುದಿಲ್ಲ. ಆದರೆ ಹರಿಯುವ ನೀರು ನಿಂತ ನೀರಾದರೆ ಅಲ್ಲಿ ಮೊದಲು ಕೇಳಬೇಕಾದದ್ದು ಹರಿವನ್ನು ನಂಬಿದ ಮೀನುಗಳ ಗತಿ. ಆ ವರದಿಯಲ್ಲಿ ‘ಮಹಶೀರ್’ ಎಂದು ಒಂದೇ ಸಾಲು ಬರೆದು, ಮರಿ ತಂದು ಬಿಡುತ್ತೇವೆ ಎಂಬ ಪರಿಹಾರ ಸೂಚಿಸಿದರೆ, ಯಾವ ಮರಿ ಎಂದು ಕೇಳಲು ನಮ್ಮ ಹತ್ತಿರ ಈಗ ಆಧಾರವಿದೆ. ಹಿಂದೊಮ್ಮೆ ಹಾಗೆ ಬಿಟ್ಟದ್ದರ ಫಲ ಗಾಳಿಬೋರೆಯ ಪುಸ್ತಕದಲ್ಲೇ ಇದೆ.

2022ರ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದದ 21ನೇ ಗುರಿ, ನಿರ್ಧಾರ ಮಾಡುವವರಿಗೂ ಜನರಿಗೂ ಜೀವವೈವಿಧ್ಯದ ಉತ್ತಮ ಮಾಹಿತಿ ಸಿಗುವಂತೆ ಮಾಡಬೇಕೆನ್ನುತ್ತದೆ. ಭಾರತ ಅದಕ್ಕೆ ತಕ್ಕಂತೆ ತನ್ನ ಕಾರ್ಯಯೋಜನೆಯನ್ನು 2024ರಲ್ಲಿ ಪರಿಷ್ಕರಿಸಿದೆ. ಇಂಥ ಮಾತು ಬಂದಕೂಡಲೇ ಕೋಟಿಗಟ್ಟಲೆ ಖರ್ಚಿನ ಹೊಸ ಪೋರ್ಟಲ್ಲಿನ ಟೆಂಡರ್ ಕರೆಯುವುದು ನಮ್ಮ ರೂಢಿ. ಪೋರ್ಟಲ್ಲುಗಳಿಗೆ ಬರವಿಲ್ಲ. 2008ರಿಂದ ನಡೆಯುತ್ತಿರುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಪರಿಸರ ಅನುಮತಿಗಳಿಗೆ 2018ರಿಂದ ಪರಿವೇಶ್ ಇದೆ. ಬೇಕಾಗಿರುವುದು ಪರಿವೇಶ್‌ಗೆ ಹಾಕುವ ವರದಿಯ ಜೀವಿಪಟ್ಟಿಯನ್ನು ಪಿಡಿಎಫ್ ಬದಲು ಸಾದಾ ಕೋಷ್ಟಕವಾಗಿ ಕೊಡಬೇಕೆಂಬ ನಿಯಮ, ಆ ಕೋಷ್ಟಕದಲ್ಲಿ ನಾಲ್ಕು ಅಂಕಣ: ಪ್ರಭೇದದ ಗುರುತಿನ ಸಂಖ್ಯೆ, ನೋಡಿದ ದಿನ, ಜಾಗ ಮತ್ತು ಅದರ ಅನಿಶ್ಚಿತತೆ, ಸಾಕ್ಷಿಯಾದ ಫೋಟೊ ಅಥವಾ ಮಾದರಿಯ ವಿಳಾಸ. ಇದಕ್ಕೆ ಎಕ್ಸೆಲ್ ಬಲ್ಲ ಒಬ್ಬ ಗುಮಾಸ್ತ ಸಾಕು, ಆದರೆ ತಪ್ಪು ಕೊಂಡಿ ಹಿಡಿಯಬಲ್ಲ ಮೀನುತಜ್ಞರು, ಸಸ್ಯತಜ್ಞರು ಬೇಕೇಬೇಕು. ವರ್ಗೀಕರಣ ವಿಜ್ಞಾನ ಕಲಿತ ಹುಡುಗ ಹುಡುಗಿಯರಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಕೆಲಸ ಸಿಗುವುದು ಎಷ್ಟು ಅಪರೂಪ ಎಂದು ಆ ಕ್ಷೇತ್ರದವರನ್ನು ಕೇಳಿದರೆ ಗೊತ್ತಾಗುತ್ತದೆ. ಮರೆತುಹೋಗಬಾರದೆಂದು ಹೇಳುತ್ತೇನೆ: ಗೂನುಬೆನ್ನಿನ ಮೀನಿಗೆ ಸಿಕ್ಕ ಹೆಸರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನುತಜ್ಞೆ ಕೆ. ರೆಮಾ ದೇವಿ ಅವರ ಗೌರವಾರ್ಥ ಇಟ್ಟದ್ದು.